ಹೊಸ ಸಿಗಾರ್‌ಗೆ ಬೂಷ್ಟು ಹಿಡಿದಾಗ ನಾನು ಮಾಡಿದ್ದು

ಜುಲೈ ತಿಂಗಳ ಒಂದು ಶನಿವಾರ. ಮಂಗಳೂರಿನಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬೆಂಗಳೂರಿಗೆ ಹೋದವನು ಹಿಂದಿನ ದಿನವಷ್ಟೇ ಕೊಂಡು ತಂದಿದ್ದ ಸಿಗಾರ್ ಪೆಟ್ಟಿಗೆಯನ್ನು ಸಂಜೆ ತೆರೆದೆ. ನಿಕರಾಗುವಾದ ಮಾಲು, 20ರ ಪೆಟ್ಟಿಗೆ. ಮುಚ್ಚಳದ ತುಂಬ ಸರ್ಕಾರದ ಎಚ್ಚರಿಕೆ ಚಿತ್ರ. ಅದರ ಮೇಲೆ ಹೆಬ್ಬೆರಳು ಇಟ್ಟು ತೆರೆಯುವುದು ನನ್ನ ಅಭ್ಯಾಸ.

ಮೇಲಿನ ಸಾಲಿನ 10ರಲ್ಲಿ 6ರ ಮೇಲೆ ಬಿಳಿ ಚುಕ್ಕೆ. ಸಾಸಿವೆ ಕಾಳಿನಷ್ಟು ಗುಂಡಗೆ, ಅಂಚಿನಲ್ಲಿ ನವಿರಾದ ತುಪ್ಪಳ. ಮೂಗಿನ ಹತ್ತಿರ ತಂದರೆ ಹೊಗೆಸೊಪ್ಪಿನ ಘಮದ ಅಡಿಯಲ್ಲಿ ಒದ್ದೆ ಗೋಣಿಚೀಲದ ವಾಸನೆ.

ಅಂಗಡಿಯವರಿಗೆ ಫೋನ್ ಮಾಡಿದೆ. "ಅದು ಬೂಷ್ಟಲ್ಲ ಸಾರ್, ಪ್ಲೂಮ್. ಒಳ್ಳೇ ಮಾಲಿಗೇ ಬರೋದು" ಅಂದರು.

ಸಿಗಾರ್ ಸೇದುವವರ ನಡುವೆ ಈ ಪ್ಲೂಮ್ ಮಾತು ಬಹಳ ಹಳೆಯದು. ಎಲೆಯೊಳಗಿನ ಎಣ್ಣೆ ವರ್ಷಗಟ್ಟಲೆ ಹೊರಬಂದು ಬಿಳಿ ಹರಳಿನ ಪುಡಿಯಾಗಿ ಕೂರುತ್ತದೆ, ಅದು ಚೆನ್ನಾಗಿ ಮಾಗಿದ ಗುರುತು ಅನ್ನುತ್ತಾರೆ. ಈ 12 ವರ್ಷದಲ್ಲಿ ನನಗೆ 'ಇದು ಪ್ಲೂಮ್' ಎಂದು ತೋರಿಸಿದ್ದನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದ್ದೇನೆ. ಒಂದರಲ್ಲೂ ಹರಳು ಕಾಣಲಿಲ್ಲ. ಕಂಡದ್ದು ನೂಲಿನ ಎಳೆ, ಅಂದರೆ ಬೂಷ್ಟು. ಮಾರುವವರಿಗೆ ಪ್ಲೂಮ್ ಅನ್ನುವುದು ಅನುಕೂಲದ ಪದ, ಅಷ್ಟೇ. ಅದೂ ನಾನು ತಂದ ಪೆಟ್ಟಿಗೆಯ ತಳದಲ್ಲಿ ಅದೇ ವರ್ಷದ ತಾರೀಖು ಒತ್ತಿತ್ತು. ಮಾಗುವುದಕ್ಕೆ ಅದಕ್ಕೆ ಪುರುಸೊತ್ತು ಎಲ್ಲಿತ್ತು?

ನನಗೆ ಹೊಗೆಸೊಪ್ಪಿನ ಬೂಷ್ಟು ಹೊಸದಲ್ಲ. ನಮ್ಮದು ಪಿರಿಯಾಪಟ್ಟಣದ ಕಡೆ. ಅಪ್ಪ ವರ್ಜೀನಿಯಾ ಹೊಗೆಸೊಪ್ಪು ಬೆಳೆದವರು. ನಮ್ಮ ಕಡೆ ಬೆಳೆ ಬರುವುದೇ ಮಳೆಗಾಲದಲ್ಲಿ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಮನೆಯಲ್ಲಿ, ಐದಾರು ದಿನ ಬೇಯಿಸಿದ ಸೊಪ್ಪು ಹಪ್ಪಳದ ಹಾಗೆ ಇರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೆ ರಾತ್ರಿ ಬ್ಯಾರನ್ ಬಾಗಿಲು ತೆಗೆದು ತಂಪು ಗಾಳಿ ಕುಡಿಸುತ್ತಾರೆ. ಬೆಳಿಗ್ಗೆ ಅಪ್ಪ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಚುಕಿ ಬಿಡುತ್ತಿದ್ದರು. ಮುರಿಯದೆ ಮೆಲ್ಲಗೆ ಬಿಚ್ಚಿಕೊಂಡರೆ ಹದ ಬಂತು. ಮುದ್ದೆಯಾಗೇ ಉಳಿದರೆ ಹದ ಮೀರಿತು. ಹಾಗೇ ಒಟ್ಟಿದರೆ ಮೂಟೆಯ ಒಳಗೆ ಬೂಷ್ಟು, ಹರಾಜಿನಲ್ಲಿ ಕೇಳುವವರಿಲ್ಲ. ಸಿಗಾರ್ ಎಲೆಯ ತಳಿ ಬೇರೆ, ಒಣಗಿಸುವ ರೀತಿಯೂ ಬೇರೆ. ಆದರೆ ಹದದ ಲೆಕ್ಕ ಒಂದೇ.

ಅಂದು ಸಂಜೆಯೇ ಕೆಲಸ ಶುರು ಮಾಡಿದೆ. ಹೆಂಡತಿಗೆ ಉಬ್ಬಸ ಇದೆ, ಹಾಗಾಗಿ ಮನೆಯೊಳಗೆ ಬೂಷ್ಟು ಕೊಡವುವ ಮಾತೇ ಇಲ್ಲ. ಹಿಂದಿನ ಜಗಲಿಯಲ್ಲಿ ಪೇಪರ್ ಹಾಸಿ, ಕೋವಿಡ್ ಕಾಲದ ಮಾಸ್ಕ್ ಹಾಕಿಕೊಂಡು ಕೂತೆ. 20ನ್ನೂ ಹೊರಗೆ ತೆಗೆದೆ. ಚುಕ್ಕೆ ಇರುವುದನ್ನು ಮಾತ್ರ ತೆಗೆದು ಉಳಿದದ್ದನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ, ಕೆಳಗಿನ ಸಾಲನ್ನೂ ನೋಡಿ. ನನಗೆ ಅಲ್ಲಿ ಇನ್ನೆರಡು ಸಿಕ್ಕವು. ಟಾರ್ಚನ್ನು ಮೇಲಿಂದ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಪಕ್ಕದಿಂದ, ಸಿಗಾರ್ ಮೈಗೆ ಸವರಿದ ಹಾಗೆ ಬೆಳಕು ಬಿಡಬೇಕು. ಆಗ ತುಪ್ಪಳದ ನೆರಳು ಬೀಳುತ್ತದೆ.

ಮೈಮೇಲಿನ ಬಿಳಿ ಚುಕ್ಕೆಗೆ ನಾನು ಹೆದರುವುದಿಲ್ಲ. ನೋಡಬೇಕಾದದ್ದು ಬೆಂಕಿ ಹಚ್ಚುವ ತುದಿ. ಅಲ್ಲಿ ಎಲೆಗಳು ಸುರುಳಿ ಸುತ್ತಿದ ಬಾಯಿ ತೆರೆದಿರುತ್ತದಲ್ಲ, ಅದರ ಸಂದಿಯಲ್ಲಿ ಬಿಳಿ ಎಳೆಯೋ ಹಸಿರೋ ಕಂಡರೆ ಬೂಷ್ಟು ಒಳಗೆ ಹೋಗಿದೆ ಅಂತಲೇ. ಒಳಗನ್ನು ಒರೆಸೋಕೆ ಆಗುವುದಿಲ್ಲ. ನನ್ನ ಎಂಟರಲ್ಲಿ ಮೂರು ಹಾಗಿದ್ದವು, ಒಂದಕ್ಕೆ ನೀಲಿ ಬಣ್ಣವೂ ಬಂದಿತ್ತು. ಫೋಟೋ ತೆಗೆದುಕೊಂಡು ಮೂರನ್ನೂ ಕವರಿಗೆ ಹಾಕಿ ಗಂಟು ಕಟ್ಟಿ ಎಸೆದೆ. ಒಂದೊಂದಕ್ಕೆ ಸಾವಿರದ ಆಸುಪಾಸು ಕೊಟ್ಟಿದ್ದೆ, ಹೊಟ್ಟೆ ಉರಿಯಿತು. ಆದರೂ ಬೂಷ್ಟಿನ ಹೊಗೆಯನ್ನು ಬಾಯಿಗೆ ಎಳೆದುಕೊಳ್ಳಲು ನಾನು ತಯಾರಿಲ್ಲ.

ಉಳಿದ ಐದನ್ನು ಒರೆಸಿದೆ. ಹಿಂದೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಕೆಟ್ಟಿದ್ದೆ. ಹೊರ ಎಲೆ ನೀರು ಕುಡಿದು ಉಬ್ಬಿತು, ಒಣಗುವಾಗ ಉದ್ದಕ್ಕೆ ಸೀಳಿತು. ಸರ್ಜಿಕಲ್ ಸ್ಪಿರಿಟ್ ಹಚ್ಚಿದ್ದೂ ಆಯಿತು, ವಾರವಾದರೂ ಆಸ್ಪತ್ರೆ ವಾಸನೆ ಹೋಗಲಿಲ್ಲ. ಈಗ ಸಿಗಾರ್‌ಗೆ ಒಣ ಬಟ್ಟೆ ಮಾತ್ರ. ಹಳೆ ಪಂಚೆಯ ತುಂಡು ಇದಕ್ಕೆ ಬಹಳ ಚೆನ್ನ. ಮೊದಲು ಮೆತ್ತನೆ ಬ್ರಷ್‌ನಲ್ಲಿ ಚುಕ್ಕೆಯನ್ನು ಸಡಿಲಿಸಿ, ಆಮೇಲೆ ಎಲೆ ಸುತ್ತಿದ ದಿಕ್ಕಿನಲ್ಲೇ ಬಟ್ಟೆ ಎಳೆಯುತ್ತೇನೆ. ಎದುರು ದಿಕ್ಕಿಗೆ ಎಳೆದರೆ ಎಲೆಯ ಅಂಚು ಎದ್ದು ಬರುತ್ತದೆ. ಚುಕ್ಕೆ ಹೋದ ಜಾಗದಲ್ಲಿ ಸಣ್ಣ ಮಬ್ಬು ಕಲೆ ಉಳಿಯಿತು. ಉಳಿಯಲಿ. ಸಿಗಾರ್ ಮೈಗೆ ಸುತ್ತಿದ ಉಂಗುರದ ಕಾಗದವನ್ನು ಮಾತ್ರ ಬಿಚ್ಚಿಬಿಟ್ಟೆ, ಅದರ ಅಡಿಯ ಅಂಟಿನ ಹತ್ತಿರ ಬೂಷ್ಟು ಅಡಗಿ ಕೂರುತ್ತದೆ.

ಫ್ರೀಜರ್‌ನಲ್ಲಿ ಇಟ್ಟರೆ ಬೂಷ್ಟು ಸಾಯುತ್ತದೆ ಎಂದು ಒಬ್ಬ ಸ್ನೇಹಿತರು ಹೇಳಿದರು. ಅದು ಹುಳುವಿನ ಮದ್ದು. ಹೊಗೆಸೊಪ್ಪಿನ ಜೀರುಂಡೆಯ ಮೊಟ್ಟೆ, ಮರಿ ಸಾಯಲಿ ಅಂತ ಮೂರು ದಿನ ಫ್ರೀಜರ್‌ನಲ್ಲಿ ಇಡುವುದುಂಟು. ಬೂಷ್ಟು ಚಳಿಗೆ ಸುಮ್ನೆ ಮಲಗುತ್ತದೆ, ಹೊರಗೆ ತೆಗೆದ ಮೇಲೆ ಏಳುತ್ತದೆ.

ಒರೆಸಿದ ಐದು ಒಂದು ಡಬ್ಬಿಗೆ, ಚುಕ್ಕೆ ಇಲ್ಲದ ಹನ್ನೆರಡು ಇನ್ನೊಂದಕ್ಕೆ. ಎರಡೂ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಂದೊಂದರಲ್ಲೂ ತೇವವನ್ನು ಶೇ. 62ರಲ್ಲಿ ನಿಲ್ಲಿಸುವ ಬೊವೆಡಾ ಪ್ಯಾಕೆಟ್. ಒಳಗಿನ ತೇವ ಜಾಸ್ತಿ ಇದ್ದರೆ ಹೀರುತ್ತದೆ, ಕಡಿಮೆ ಇದ್ದರೆ ಬಿಡುತ್ತದೆ. ಮರದ ಪೆಟ್ಟಿಗೆಯನ್ನು ಎಸೆದೆ. ಮರದೊಳಗೆ ಇಳಿದದ್ದನ್ನು ಹುಡುಕಿಕೊಂಡು ಹೋಗುವುದು ಯಾರ ಕೈಲಾಗುತ್ತದೆ? ಎರಡು ವಾರ ಯಾವುದನ್ನೂ ನನ್ನ ಹ್ಯೂಮಿಡಾರ್, ಅಂದರೆ ತೇವ ಹದವಾಗಿಟ್ಟು ಸಿಗಾರ್ ಕಾಪಾಡುವ ಪೆಟ್ಟಿಗೆಯ ಹತ್ತಿರ ಸೇರಿಸಲಿಲ್ಲ.

ಆ ಎರಡು ವಾರದಲ್ಲಿ ನನ್ನ ಹ್ಯೂಮಿಡಾರನ್ನೂ ಪರೀಕ್ಷೆ ಮಾಡೋಣ ಅನ್ನಿಸಿತು. ಅಂಗಡಿಯವರನ್ನು ಬೈಯುವುದು ಸುಲಭ, ಅಲ್ವಾ? ಅವರ ಗಾಜಿನ ಬೀರುವಿನಲ್ಲಿ ಒದ್ದೆ ಸ್ಪಂಜು ತುಂಬಿದ ಬಟ್ಟಲು ಇತ್ತು. ಅದು ತೇವ ಬಿಡುತ್ತದೆಯೇ ಹೊರತು ಹೀರುವುದಿಲ್ಲ, ಮಳೆಗಾಲದಲ್ಲಿ ಅದನ್ನು ತೆಗೆಯಬೇಕಿತ್ತು. ಸರಿ, ನನ್ನದು?

ಒಳಗಿನ ತೇವ ಅಳೆಯುವ ಹೈಗ್ರೋಮೀಟರ್ ಸರಿ ಇದೆಯೇ ಎಂದು ನೋಡಲು ಅಡುಗೆಮನೆಯ ಪುಡಿ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಕೆಲವೇ ಹನಿ ನೀರು ಬಿಡಬೇಕು. ಗಟ್ಟಿ ಚಟ್ನಿಯ ಹಾಗಿರಬೇಕು, ಸಾರಿನ ಹಾಗಲ್ಲ. ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ಒಂದು ದಿನ ಬಿಟ್ಟರೆ ಒಳಗಿನ ಗಾಳಿಯ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರು ಬಿಡುವುದೂ ಇದಕ್ಕೇ, ಗಾಳಿಯ ತೇವ 75 ದಾಟಿದರೆ ಉಪ್ಪು ಅದನ್ನು ಎಳೆದುಕೊಂಡು ಕರಗುತ್ತದೆ. ಹೊಗೆಸೊಪ್ಪಿಗೆ ಬೂಷ್ಟು ಹತ್ತುವುದೂ ಹೆಚ್ಚುಕಡಿಮೆ ಅದೇ ಗಡಿಯ ಹತ್ತಿರ. ಮನೆಯಲ್ಲಿ ಉಪ್ಪು ಪಸೆ ಹಿಡಿದರೆ ನಾನು ಈಗ ಮೊದಲು ಓಡುವುದು ಸಿಗಾರ್ ಡಬ್ಬಿಯ ಹತ್ತಿರ.

ಮಾರನೆಯ ದಿನ ಕವರಿನೊಳಗೆ ಮುಳ್ಳು 75ರ ಬದಲು 69 ತೋರಿಸುತ್ತಿತ್ತು. ಅಂದರೆ ಎಷ್ಟೋ ತಿಂಗಳಿಂದ ನಾನು 68 ಅಂದುಕೊಂಡು ನೆಮ್ಮದಿಯಾಗಿದ್ದ ಹ್ಯೂಮಿಡಾರ್ ನಿಜಕ್ಕೂ 74ರಲ್ಲಿತ್ತು. ತಳದ ತಟ್ಟೆ ಎತ್ತಿ ನೋಡಿದರೆ ಮೂಲೆಯಲ್ಲಿ ಉಗುರಿನಷ್ಟು ಬಿಳಿ. ಸಿಗಾರ್‌ಗಳಿಗೆ ಇನ್ನೂ ತಾಗಿರಲಿಲ್ಲ. ಆ ಅಂಗಡಿಯ ಮಾಲು ಕೆಡದೇ ಹೋಗಿದ್ದರೆ ನಾನು ಇದನ್ನು ನೋಡುತ್ತಲೇ ಇರಲಿಲ್ಲ.

ಹ್ಯೂಮಿಡಾರ್‌ನ ಒಳಪದರ ಸ್ಪ್ಯಾನಿಷ್ ಸೀಡರ್. ಹೆಸರಿಗೆ ಸೀಡರ್, ಆದರೆ ಅದು ದೇವದಾರುವಿನ ಜಾತಿಯೇ ಅಲ್ಲ, ನಮ್ಮ ಬೇವಿನ ಕುಟುಂಬದ ಮರ. ಇದನ್ನು ಎಸೆಯಲು ಮನಸ್ಸಾಗಲಿಲ್ಲ. ಆ ಮೂಲೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿದೆ, ಮತ್ತೆ ಒರೆಸಿದೆ. ಬಿಸಿಲಿಗೆ ಇಡಿ ಅನ್ನುತ್ತಾರೆ. ಮಂಗಳೂರಿನ ಜುಲೈನಲ್ಲಿ ಬಿಸಿಲು ಎಲ್ಲಿಂದ ತರುವುದು? ನಾಲ್ಕು ದಿನ ಫ್ಯಾನ್ ಮುಂದೆ ಬಾಯಿ ತೆರೆದು ಇಟ್ಟೆ. ಸ್ಪಿರಿಟ್ ವಾಸನೆ ಪೂರ್ತಿ ಹೋದ ಮೇಲೆ 65ರ ಪ್ಯಾಕೆಟ್ ಹಾಕಿ ಮುಚ್ಚಿದೆ. 70ರಷ್ಟು ತೇವ, 21 ಡಿಗ್ರಿ ಸೆಲ್ಸಿಯಸ್ ಅನ್ನುವುದು ಹಳೆಯ ಪಾಠ. ನಮ್ಮ ಮನೆಯೊಳಗೆ 28, 29 ಡಿಗ್ರಿ, ಅದು ಬೂಷ್ಟಿಗೂ ಹುಳುವಿಗೂ ಹಬ್ಬ. ಅದಕ್ಕೇ ನಾನು 65 ದಾಟಿಸುವುದಿಲ್ಲ.

ಎರಡು ವಾರ ಕಳೆದ ಮೇಲೆ ಒರೆಸಿದ ಐದರಲ್ಲಿ ಒಂದು ಮತ್ತೆ ಚುಕ್ಕೆ ಹಾಕಿಕೊಂಡಿತ್ತು. ಎರಡನೇ ಅವಕಾಶ ಕೊಡಲಿಲ್ಲ, ಎಸೆದೆ. ನಾಲ್ಕು ಉಳಿದವು. ಒಂದನ್ನು ಸೇದಿ ನೋಡಿದೆ. ಮೊದಲ ಅರ್ಧ ಇಂಚು ಸಪ್ಪೆ ಅನ್ನಿಸಿತು, ಆಮೇಲೆ ಎಂದಿನಂತೆಯೇ ಇತ್ತು. ಆ ಸಪ್ಪೆ ನಾಲಗೆಯದೋ ತಲೆಯದೋ, ಹೇಳುವುದು ಕಷ್ಟ. ಫೋಟೋ ಕಳಿಸಿದ ಮೇಲೆ ಅಂಗಡಿಯವರು ಪ್ಲೂಮ್ ಮಾತು ಬಿಟ್ಟರು, ಮುಂದಿನ ಸಲ ಹೋದಾಗ ಮೂರು ಬೇರೆ ಕೊಟ್ಟರು. ಅಲ್ಲೇ ಟಾರ್ಚ್ ಹಿಡಿದು ನೋಡಿ ತೆಗೆದುಕೊಂಡೆ.

ಆಗಸ್ಟ್‌ನಲ್ಲಿ ಅಪ್ಪ ಊರಿಂದ ಬಂದರು. ಅವರು ಎಲೆ ಅಡಿಕೆ ಬಿಟ್ಟರೆ ಬೇರೇನೂ ಮುಟ್ಟಿದವರಲ್ಲ, ಅವರ ಮುಂದೆ ನಾನೂ ಸೇದುವವನಲ್ಲ. ಡಬ್ಬಿ ಬೀರುವಿನ ಮೇಲಿತ್ತು, ಹೇಗೋ ಕಣ್ಣಿಗೆ ಬಿತ್ತು. ಒಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಒಳಗಿನ ಮುಳ್ಳು 64 ಅನ್ನುತ್ತಿತ್ತು.

"ಇನ್ನೂ ವಸಿ ಹಸಿ ಐತೆ ಕಣ್ಲಾ" ಅಂದು ವಾಪಸ್ ಇಟ್ಟರು.

ಅವರು ಊರಿಗೆ ಹೋದ ಮೇಲೆ ಹೈಗ್ರೋಮೀಟರನ್ನು ಮತ್ತೊಮ್ಮೆ ಉಪ್ಪಿನ ಜೊತೆ ಕವರಿಗೆ ಹಾಕಿದೆ.