15 ಥೌ ಸರಿಯಿದ್ದರೂ ನಿಲ್ಲದ ಟ್ಯಾಪೆಟ್ ಸದ್ದು: ಅಂಬಾಸಿಡರ್ ಎಂಜಿನ್‌ನಲ್ಲಿ ನನ್ನ ಅನುಭವ

ನನ್ನ ಬಳಿ ಇರುವುದು ಮಾರ್ಕ್ 4 ಅಂಬಾಸಿಡರ್. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಗೆ ಸೇರಿದ್ದು. ಕ್ಯಾಮ್ ಶಾಫ್ಟ್ ಬ್ಲಾಕಿನೊಳಗೇ ಇದ್ದು, ಅದರ ಮೇಲೆ ಕೂರುವ ಟ್ಯಾಪೆಟ್, ಉದ್ದನೆಯ ಪುಶ್ ರಾಡ್ ಮತ್ತು ತೂಗುವ ತೋಳುಗಳಾದ ರಾಕರ್‌ಗಳ ಮೂಲಕ ಮೇಲಿನ ಹೆಡ್‌ನಲ್ಲಿರುವ ಎಂಟು ವಾಲ್ವ್‌ಗಳನ್ನು ತೆರೆಯುತ್ತದೆ. ರಾಕರಿಗೂ ವಾಲ್ವಿಗೂ ನಡುವೆ ಬಿಡುವ ಸಣ್ಣ ಅಂತರವೇ ಗ್ಯಾಪ್; ಅದನ್ನು ಥೌಗಳಲ್ಲಿ, ಎಂದರೆ ಇಂಚಿನ ಸಾವಿರದ ಪಾಲುಗಳಲ್ಲಿ, ಅಳೆಯುತ್ತಾರೆ. ಇಷ್ಟು ಕೊಂಡಿಗಳಿರುವ ಎಂಜಿನ್‌ನಿಂದ ಹೊಲಿಗೆ ಯಂತ್ರದಂತಹ ಸಮನಾದ ಸಣ್ಣ ಸದ್ದು ಬರುವುದು ಸಹಜ. ನನ್ನನ್ನು ಕಾಡಿದ್ದು ಆ ಸಮನಾದ ಸದ್ದಿನ ನಡುವೆ ಪ್ರತ್ಯೇಕವಾಗಿ ಕೇಳಿಸುತ್ತಿದ್ದ ಒಂದೇ ಒಂದು 'ಟಕ್ ಟಕ್'.

ಇಂತಹ ಸದ್ದು ಕೇಳಿದ ಕೂಡಲೇ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: "ಟ್ಯಾಪೆಟ್ ಹೊಡೀತಿದೆ ಸಾರ್, ಸ್ವಲ್ಪ ಟೈಟ್ ಮಾಡಿಬಿಡೋಣ." ಈ ಮಾತಿಗೆ ನಾನು ಒಪ್ಪುವುದಿಲ್ಲ. ಗ್ಯಾಪ್ ಹೆಚ್ಚಾಗಿ ಸಡಿಲವಾದ ಟ್ಯಾಪೆಟ್ ಗಲಾಟೆ ಮಾಡಿ ತನ್ನ ಇರವನ್ನು ತಿಳಿಸುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ವಾಲ್ವನ್ನು ಸುಡುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಸೀಟಿಗೆ ತಾಗಿ ಕುಳಿತಾಗಲೇ ಇಳಿಸಿಕೊಳ್ಳುವುದರಿಂದ, ಗ್ಯಾಪ್ ಇಲ್ಲದೆ ಅದು ಪೂರ್ತಿ ಮುಚ್ಚದೇ ಹೋದರೆ ಅಂಚು ಸುಟ್ಟು ಕಂಪ್ರೆಷನ್ ಸೋರತೊಡಗುತ್ತದೆ. ಇನ್‌ಲೆಟ್ ವಾಲ್ವ್ ಬಿಗಿಯಾಗಿದ್ದರೆ ಎಂಜಿನ್ ಕಾರ್ಬುರೇಟರ್ ಮೂಲಕ ಸೀನುತ್ತದೆ. ಆಗ ತಪ್ಪಿಲ್ಲದ ಕಾರ್ಬುರೇಟರನ್ನು ಬಿಚ್ಚಿ ತೊಳೆಯುವ ಕೆಲಸ ಆರಂಭವಾಗುತ್ತದೆ.

ಆದ್ದರಿಂದ ಸದ್ದು ನಿಜವಾಗಿಯೂ ಮೇಲಿನಿಂದಲೇ ಬರುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಬಡಿಯುತ್ತದೆ. ಟೈಮಿಂಗ್ ಲೈಟನ್ನು ಯಾವುದಾದರೂ ಒಂದು ಪ್ಲಗ್ ವಯರಿಗೆ ಸಿಕ್ಕಿಸಿದರೆ ಅದು ಮಿನುಗುವುದೂ ಇದೇ ಗತಿಯಲ್ಲಿ. ಸದ್ದು ಮತ್ತು ಮಿಂಚು ಜೊತೆಜೊತೆಗೆ ಸಾಗಿದವು. ಪ್ಲಗ್ ವಯರುಗಳನ್ನು ಒಂದೊಂದಾಗಿ ಅರ್ತ್ ಮಾಡಿ ನೋಡಿದಾಗ ಯಾವ ಸಿಲಿಂಡರ್ ನಿಂತರೂ ಸದ್ದು ತಗ್ಗಲಿಲ್ಲ. ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವೆಡೆಯ ಬಿಗ್ ಎಂಡ್ ಬೇರಿಂಗ್ ಹೋಗಿದ್ದರೆ ಆಯಾ ಸಿಲಿಂಡರ್ ನಿಂತಾಗ ಬಡಿತ ಇಳಿಯಬೇಕಿತ್ತು. ಎಂಜಿನ್ ಏರಿನಲ್ಲಿ ಎಳೆಯುವಾಗ ಮಾತ್ರ ಕೇಳುವ ಕಿಣಿಕಿಣಿ ಇಗ್ನಿಷನ್ ಟೈಮಿಂಗಿಗೆ ಸಂಬಂಧಿಸಿದ್ದು; ನನ್ನ ಕಾರಿನ ಸದ್ದು ನಿಂತಲ್ಲೇ ಇತ್ತು.

ಕಿವಿಯನ್ನು ಮೋಸಗೊಳಿಸುವ ಇನ್ನೆರಡು ಸಂಗತಿಗಳಿವೆ. ಒಂದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟಿನ ಸೋರಿಕೆ. ಅದೂ ಟಿಕ್ ಎನ್ನುತ್ತದೆ, ಆದರೆ ಎಂಜಿನ್ ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವುದುಂಟು, ಸೋರುವ ಜಾಗದಲ್ಲಿ ಕಪ್ಪು ಮಸಿಯೂ ಕಾಣುತ್ತದೆ. ಇನ್ನೊಂದು, ಕ್ಯಾಮ್ ಶಾಫ್ಟೇ ಓಡಿಸುವ ಪೆಟ್ರೋಲ್ ಪಂಪ್. ಅದರ ಬಡಿತದ ಗತಿ ವಾಲ್ವಿನದಕ್ಕೆ ಸಮನಾಗಿರುವುದರಿಂದ ಬರಿಗಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಪಂಪಿಗೂ ರಾಕರ್ ಕವರಿನ ಉದ್ದಕ್ಕೂ ಮುಟ್ಟಿಸುತ್ತಾ ಹೋದಾಗ ಮೂರನೆಯ ಸಿಲಿಂಡರಿನ ಮೇಲ್ಭಾಗದಲ್ಲಿ ಸದ್ದು ಸ್ಪಷ್ಟವಾಯಿತು. ಫ್ಯಾನಿನಿಂದ ತಲೆಯನ್ನೂ ಅಂಗಿಯ ತೋಳನ್ನೂ ದೂರವಿಟ್ಟುಕೊಂಡು ಮಾಡಬೇಕಾದ ಪರೀಕ್ಷೆ ಇದು.

ಎಂಜಿನ್ ಬಿಸಿಯಿರುವಾಗಲೇ ಕವರ್ ತೆಗೆದೆ. ಈ ಎಂಜಿನ್‌ಗೆ ಇರಬೇಕಾದ ಗ್ಯಾಪ್ ಬಿಸಿಯಲ್ಲಿ 15 ಥೌ, ಎಂದರೆ ಇಂಚಿನ ಸಾವಿರದಲ್ಲಿ 15 ಪಾಲು, ಸುಮಾರು 0.38 ಮಿ.ಮೀ. ಯಾವ ವಾಲ್ವನ್ನು ಯಾವಾಗ ಅಳೆಯಬೇಕೆಂಬುದಕ್ಕೆ ಹಳೆಯ ಮೆಕ್ಯಾನಿಕ್‌ಗಳ ಬಳಿ ಒಂಬತ್ತರ ಲೆಕ್ಕವಿದೆ: ಮುಂದಿನಿಂದ ಎಣಿಸಿ, 8ನೆಯದು ಪೂರ್ತಿ ತೆರೆದಾಗ 1ನೆಯದನ್ನು, 6 ತೆರೆದಾಗ 3ನ್ನು, 4 ತೆರೆದಾಗ 5ನ್ನು, ಹೀಗೆ ಎರಡರ ಮೊತ್ತ ಯಾವಾಗಲೂ 9. ಪ್ಲಗ್‌ಗಳನ್ನು ಬಿಚ್ಚಿಟ್ಟರೆ ಎಂಜಿನ್ನನ್ನು ಮುಂದಿನ ಹ್ಯಾಂಡಲ್ಲಿನಿಂದ ಸಲೀಸಾಗಿ ತಿರುಗಿಸಬಹುದು. ಹೊಸ ಕಾರುಗಳಲ್ಲಿ ಇಲ್ಲದ ಈ ಸೌಕರ್ಯಕ್ಕಾಗಿಯೇ ನನಗೆ ಅಂಬಾಸಿಡರ್ ಮೇಲೆ ಹೆಚ್ಚು ಮಮತೆ.

ವಿಚಿತ್ರವೆಂದರೆ ಎಂಟೂ ವಾಲ್ವ್‌ಗಳಲ್ಲಿ 15 ಥೌ ದಪ್ಪದ ಫೀಲರ್ ಗೇಜ್ (ಗ್ಯಾಪಿನೊಳಗೆ ತೂರಿಸಿ ಅಳೆಯುವ ಲೋಹದ ಪಟ್ಟಿ) ಸರಿಯಾದ ಬಿಗಿಯಲ್ಲೇ ಆಡಿತು. ಆದರೆ ಮೂರನೆಯ ಸಿಲಿಂಡರಿಗೆ ಸೇರಿದ 6ನೆಯ ರಾಕರನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಉಳಿದವುಗಳಿಗಿಂತ ಹೆಚ್ಚು ಸಡಿಲವೆನಿಸಿತು. ಟಾರ್ಚ್ ಬಿಟ್ಟು ರಾಕರಿನ ತುದಿಯ ಅಡಿಭಾಗ ನೋಡಿದರೆ, ವಾಲ್ವ್ ಕಡ್ಡಿಯ ಮೇಲ್ತುದಿ ವರ್ಷಗಟ್ಟಲೆ ಕುಟ್ಟಿ ಅಲ್ಲಿ ಒಂದು ಗುಳಿ ಮಾಡಿತ್ತು. ಚಪ್ಪಟೆಯಾದ ಫೀಲರ್ ಪಟ್ಟಿ ಆ ಗುಳಿಯೊಳಕ್ಕೆ ಇಳಿಯದೆ ಅದರ ಎರಡು ದಡಗಳ ಮೇಲೆ ಸೇತುವೆಯಾಗಿ ಕೂರುತ್ತಿತ್ತು. ವಾಲ್ವ್ ಮಾತ್ರ ಗುಳಿಯ ತಳದವರೆಗೆ ಓಡಾಡುತ್ತಿತ್ತು. ಹೆಡ್ ಎರಕದ ಕಬ್ಬಿಣದ್ದಾದ್ದರಿಂದ ಸಣ್ಣ ಚಲನೆಯನ್ನೂ ಅಳೆದು ತೋರಿಸುವ ಡಯಲ್ ಗೇಜಿನ ಅಯಸ್ಕಾಂತದ ಸ್ಟ್ಯಾಂಡು ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ಗೇಜಿನ ಸೂಜಿಯನ್ನು ರಾಕರಿನ ತುದಿಗೆ ತಾಗಿಸಿ ಆಡಿಸಿದಾಗ ನಿಜವಾದ ಗ್ಯಾಪ್ 24 ಥೌ ಎಂದು ತಿಳಿಯಿತು.

ಡಯಲ್ ಗೇಜ್ ಇಟ್ಟುಕೊಂಡು 15ಕ್ಕೆ ಹೊಂದಿಸಿ ಕವರ್ ಮುಚ್ಚಬಹುದಿತ್ತು. ಆದರೆ ಒಂದೇ ರಾಕರ್ ಇಷ್ಟು ಸವೆಯಲು ಕಾರಣ ಬೇಕಲ್ಲವೇ? ರಾಕರ್ ಜೋಡಣೆಯನ್ನು ಪೂರ್ತಿಯಾಗಿ ಇಳಿಸಲು ನಿರ್ಧರಿಸಿದೆ. ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ರಾಕರ್‌ಗಳ ಶಾಫ್ಟನ್ನು ಹೊತ್ತಿರುವ ಪೆಡಸ್ಟಲ್‌ಗಳ ನಟ್‌ಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಬಿಚ್ಚಿದರೆ ಹೆಡ್ ಒಂದು ಬದಿಗೆ ಎಳೆದು ಸೊಟ್ಟಗಾಗಬಹುದು. ಹಾಗಾಗಿ ರೇಡಿಯೇಟರಿನ ನೀರು ಖಾಲಿ ಮಾಡಿ, ತಣ್ಣಗಾದ ಎಂಜಿನ್‌ನಲ್ಲಿ ಹೆಡ್ಡಿನ ಎಲ್ಲ ನಟ್‌ಗಳನ್ನೂ ಕೈಪಿಡಿಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು.

ರಾಕರ್ ಶಾಫ್ಟಿನ ಅಡಿಭಾಗದಲ್ಲಿ 6ನೆಯ ರಾಕರ್ ಕೂರುವೆಡೆ ಉಗುರಿಗೆ ಸಿಕ್ಕುವಷ್ಟು ಮೆಟ್ಟಿಲು ಬಿದ್ದಿತ್ತು. ಶಾಫ್ಟಿನ ತುದಿಯ ಪ್ಲಗ್ ತೆಗೆದು ತಂತಿ ಹಾಯಿಸಿದಾಗ ಡಾಂಬರಿನಂತಹ ಕರಿಯ ಕೊಳೆ ಹೊರಬಂತು. ಆ ರಾಕರಿಗೆ ಆಯಿಲ್ ಹೋಗುವ ರಂಧ್ರ ಮುಚ್ಚಿಯೇ ಹೋಗಿತ್ತು. ಬೇರೆಲ್ಲದಕ್ಕೂ ಆಯಿಲ್ ಸಿಗುತ್ತಿದ್ದುದರಿಂದ ಪ್ರೆಷರ್ ಗೇಜಿನಲ್ಲಿ ಇದರ ಸುಳಿವೂ ಇರಲಿಲ್ಲ.

ಜೋಡಣೆ ಹೊರಗಿದ್ದಾಗಲೇ ಕ್ಯಾಮ್ ಶಾಫ್ಟನ್ನೂ ಪರೀಕ್ಷಿಸಿದೆ. ಡಯಲ್ ಗೇಜನ್ನು ಪುಶ್ ರಾಡಿನ ತಲೆಯ ಮೇಲಿಟ್ಟು ಹ್ಯಾಂಡಲ್ ತಿರುಗಿಸಿದರೆ ಅದು ಎಷ್ಟು ಎತ್ತುತ್ತದೆಂಬುದು ಕಾಣುತ್ತದೆ. ಎಂಟೂ ಸರಿಸಮವಾಗಿ ಎದ್ದವು. ಒಂದು ಕಡಿಮೆ ಎದ್ದಿದ್ದರೆ ಮ್ಯಾನಿಫೋಲ್ಡ್, ಕಾರ್ಬುರೇಟರ್ ಎಲ್ಲವನ್ನೂ ಇಳಿಸಿ ಪಕ್ಕದ ಮುಚ್ಚಳ ತೆಗೆದು ಟ್ಯಾಪೆಟ್ ನೋಡಬೇಕಾಗುತ್ತಿತ್ತು. ಪುಶ್ ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿ ನೆಟ್ಟಗಿವೆಯೆಂದು ಖಚಿತಪಡಿಸಿಕೊಂಡೆ. ಅವನ್ನು ಹೊರಗೆಳೆಯುವ ಮೊದಲು ಮೆಲ್ಲಗೆ ತಿರುವಬೇಕು, ಇಲ್ಲವಾದರೆ ಆಯಿಲ್ಲಿನ ಹಿಡಿತದಿಂದ ಟ್ಯಾಪೆಟ್ಟೂ ಜೊತೆಗೆ ಮೇಲೇಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಶಾಫ್ಟ್ ಮತ್ತು ಆ ಒಂದು ರಾಕರ್ ತಂದೆ. ಗುಳಿ ಬಿದ್ದ ರಾಕರನ್ನು ಉಜ್ಜಿ ಸಮ ಮಾಡಿಕೊಡುವವರಿದ್ದಾರೆ, ಆದರೆ ಮೇಲಿನ ಗಡಸು ಪದರ ಹೋದ ಮೇಲೆ ಅದು ಬೇಗ ಸವೆಯುತ್ತದೆಂಬುದು ನನ್ನ ಅಭಿಪ್ರಾಯ. ಉಳಿದ ಏಳು ರಾಕರ್‌ಗಳ ಬುಶ್‌ಗಳನ್ನು ಹೊಸ ಶಾಫ್ಟಿನ ಮೇಲೆ ತೂರಿಸಿ ನೋಡಿ, ಅಲುಗಾಟ ಕಂಡ ಎರಡನ್ನು ಲೇತಿನವರ ಬಳಿ ಬದಲಾಯಿಸಿದೆ.

ಮರುಜೋಡಣೆಯ ನಂತರ ಎಂಜಿನ್ ಬಿಸಿ ಮಾಡಿ ಗ್ಯಾಪ್ ಹೊಂದಿಸಿದೆ. ಸ್ವಲ್ಪ ದೂರ ಓಡಿಸಿ ಬಂದು ಹೆಡ್ ನಟ್‌ಗಳ ಬಿಗಿಯನ್ನು ಟಾರ್ಕ್ ರೆಂಚಿನಿಂದ ಮತ್ತೆ ನೋಡಿ, ಅನಂತರ ಎಂಟೂ ಗ್ಯಾಪ್‌ಗಳನ್ನು ಇನ್ನೊಮ್ಮೆ ಅಳೆದೆ. ಹೆಡ್ ಕುಳಿತುಕೊಂಡಂತೆ ಗ್ಯಾಪ್ ಕೊಂಚ ಕಡಿಮೆಯಾಗುವುದರಿಂದ ಈ ಕ್ರಮ ತಪ್ಪಿಸಬಾರದು. ಮೂರು ವಾಲ್ವ್‌ಗಳಲ್ಲಿ 13 ಥೌಗೆ ಇಳಿದಿತ್ತು, ಅವನ್ನು ಸಡಿಲಿಸಿದೆ. ಪ್ರತ್ಯೇಕವಾದ ಟಕ್ ಟಕ್ ಹೋಗಿದೆ, ಎಂಟರ ಸಾಮಾನ್ಯ ಸದ್ದು ಹಾಗೆಯೇ ಇದೆ. ಅದನ್ನು ಕಡಿಮೆ ಮಾಡಲು ನಾನು ಗ್ಯಾಪ್ ಹೊಂದಿಸುವ ಸ್ಕ್ರೂ ಮುಟ್ಟುವುದಿಲ್ಲ.