ಸ್ಕೂಟಿ ಕಲಿಯುವ ಮೊದಲು ಬಲಗೈ ಪಳಗಲಿ

ನಮ್ಮ ಶಾಲೆ ಇರುವುದು ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆ ಬಿಟ್ಟು ಒಳಗೆ, ಕಾಲುವೆ ಪಕ್ಕದ ಒಂದು ಕ್ಯಾಂಪಿನಲ್ಲಿ, ಅಂದರೆ ನೀರಾವರಿ ಬಂದ ಮೇಲೆ ಬೆಳೆದ ಸಣ್ಣ ಊರಿನಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ತಪ್ಪಿದರೆ ಮೇನ್ ರೋಡಿನವರೆಗೆ ನಡಿಗೆ. ಹನ್ನೊಂದು ವರ್ಷ ಹಾಗೇ ಓಡಾಡಿದೆ. ಮೂವತ್ತೆಂಟನೇ ವಯಸ್ಸಿನಲ್ಲಿ ಸ್ಕೂಟಿ ಕಲಿತೆ. ಆಮೇಲೆ ಒಂಬತ್ತು ಜನ ಹೆಣ್ಣುಮಕ್ಕಳಿಗೆ ನಾನೇ ಕಲಿಸಿದ್ದೇನೆ. ಕೊನೆಗೆ ಕಲಿತವರು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ. ಅವರಿಗೆ ಹೇಳಿಕೊಟ್ಟ ಹಾಗೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಗೇರಿಲ್ಲದ ಗಾಡಿ ಯಾವ ಕಂಪನಿಯದಾದರೂ ಅದಕ್ಕೆ ಸ್ಕೂಟಿ ಅಂತಲೇ ಹೆಸರು. ನಾನೂ ಹಾಗೇ ಕರೆಯುತ್ತೇನೆ.

ನಾನು ಕಲಿಯುವಾಗ ಆರನೇ ದಿನ ಒಂದು ಘಟನೆ ನಡೆಯಿತು. ಗಾಡಿ ಸ್ಟಾರ್ಟ್ ಆಗಿಯೇ ಇತ್ತು. ಬಿಸಿಲಲ್ಲಿ ನಿಂತಿದೆ, ಬೇವಿನ ಮರದ ನೆರಳಿಗೆ ತಳ್ಳಿಬಿಡೋಣ ಅಂತ ಇಳಿದು ಪಕ್ಕದಲ್ಲಿ ನಿಂತು ಎರಡೂ ಹ್ಯಾಂಡಲ್ ಹಿಡಿದೆ. ತಳ್ಳುವ ರಭಸಕ್ಕೆ ಬಲಗೈ ತಿರುಗಿತು. ಗಾಡಿ ಮುಂದೆ ಹಾರಿತು. ಹೆದರಿ ಇನ್ನೂ ಗಟ್ಟಿ ಹಿಡಿದೆ. ಗಟ್ಟಿ ಹಿಡಿದಷ್ಟೂ ಗಾಡಿ ಜೋರಾಯಿತು. ನನ್ನನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಗಿ ಬೇವಿನ ಬೊಡ್ಡೆಗೆ ಗುದ್ದಿತು. ಮಣಿಕಟ್ಟು ಊದಿ ಮೂರು ವಾರ ಬ್ಯಾಂಡೇಜು. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆದೆ.

ಇದು ನನಗೊಬ್ಬಳಿಗೆ ಆದದ್ದಲ್ಲ. ಹೊಸಬರು ಬಿದ್ದದ್ದನ್ನು ನಾನು ನೋಡಿರುವುದೆಲ್ಲ ಹೆಚ್ಚಾಗಿ ಹೀಗೆಯೇ. ಹೆದರಿದಾಗ ಕೈ ಬಿಗಿಯಾಗುತ್ತದೆ, ಬಿಗಿಯಾದ ಕೈ ಬಲಗಡೆ ಹಿಡಿಯನ್ನು, ಅಂದರೆ ಎಕ್ಸಿಲೇಟರನ್ನು ತಿರುಗಿಸುತ್ತದೆ. ಅದಕ್ಕೇ ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲ ದಿನ ಕೀಲಿ ಕೊಡುವುದಿಲ್ಲ.

ಗಾಡಿ ಹೇಗೆ ಓಡುತ್ತದೆ ಅಂತ ಸ್ವಲ್ಪ ತಿಳಿದಿರಲಿ. ಎಂಜಿನ್ ಸುಮ್ನೆ ಗುರುಗುಟ್ಟುತ್ತಿರುವಾಗ ಚಕ್ರಕ್ಕೂ ಅದಕ್ಕೂ ಹಿಡಿತ ಇರುವುದಿಲ್ಲ. ರೇಸ್ ಕೊಟ್ಟಾಗ ಒಳಗಿನ ಕ್ಲಚ್ ಜೋರಾಗಿ ತಿರುಗುತ್ತದೆ. ಹುಡುಗಿಯರು ಗಿರಗಿರ ತಿರುಗಿದರೆ ಲಂಗ ಅರಳುತ್ತದಲ್ಲ, ಹಾಗೆ ಕ್ಲಚ್ಚಿನ ತುಂಡುಗಳು ಹೊರಗೆ ಚಾಚಿ ಸುತ್ತಲಿನ ಬಟ್ಟಲನ್ನು ಕಚ್ಚಿಕೊಳ್ಳುತ್ತವೆ. ಆಗ ಹಿಂದಿನ ಚಕ್ರ ತಿರುಗುತ್ತದೆ. ರೇಸ್ ಬಿಟ್ಟರೆ ಸ್ಪ್ರಿಂಗು ಅವನ್ನು ಒಳಗೆ ಎಳೆದುಕೊಳ್ಳುತ್ತದೆ. ಬೈಕಿನಲ್ಲಾದರೆ ಗೇರು, ಕ್ಲಚ್ಚು ಎಲ್ಲ ನಮ್ಮ ಕೈಕಾಲಲ್ಲಿ ಇರುತ್ತದೆ. ಇಲ್ಲಿ ಗಾಡಿಯನ್ನು ಓಡಿಸುವುದೂ ಬಿಡಿಸುವುದೂ ಎರಡೂ ಒಂದೇ ಮಣಿಕಟ್ಟಿನ ಕೆಲಸ. ಬ್ಯಾಟರಿ ಸ್ಕೂಟಿಯಲ್ಲಿ ಇನ್ನೂ ಹುಷಾರು ಬೇಕು. ಅದಕ್ಕೆ ಸದ್ದೇ ಇಲ್ಲ. ಆನ್ ಇದೆಯೋ ಆಫ್ ಇದೆಯೋ ಕಿವಿಗೆ ಗೊತ್ತಾಗುವುದಿಲ್ಲ, ತಿರುಗಿಸಿದ ತಕ್ಷಣ ಎಳೆಯುತ್ತದೆ. ಇಳಿಯುವ ಮೊದಲು ಕೀಲಿ ಆಫ್ ಮಾಡಿ. ಎರಡು ನಿಮಿಷದ ಕೆಲಸಕ್ಕೂ ಅಷ್ಟೇ.

ಮೊದಲ ದಿನ ಗಾಡಿ ತಳ್ಳುವುದಷ್ಟೇ. ಎಂಜಿನ್ ಬಂದ್. ಗಾಡಿಯ ಎಡಗಡೆ ನಿಂತು ಮೈದಾನದಲ್ಲಿ ನಾಲ್ಕು ಸುತ್ತು ತಳ್ಳಿ. ಹೆಚ್ಚಿನ ಗಾಡಿಗಳು ನೂರು ಕಿಲೋಗಿಂತ ಜಾಸ್ತಿ ಭಾರ ಇರುತ್ತವೆ. ಎಷ್ಟು ವಾಲಿದರೆ ಕೈ ಮೀರಿ ಹೋಗುತ್ತದೆ ಅನ್ನುವುದು ತಳ್ಳಿದಾಗಲೇ ಗೊತ್ತಾಗುವುದು. ನಡುನಡುವೆ ಬ್ರೇಕ್ ಒತ್ತಿ ನಿಲ್ಲಿಸಿ. ಬಲಗಡೆಯದು ಮುಂದಿನ ಬ್ರೇಕು, ಎಡಗಡೆಯದು ಹಿಂದಿನದು.

ಸೆಂಟರ್ ಸ್ಟ್ಯಾಂಡ್ ಹಾಕಲು ಬಲ ಬೇಡ. ಎಡಗೈಯಲ್ಲಿ ಎಡ ಹ್ಯಾಂಡಲ್ ಹಿಡಿಯಿರಿ, ಬಲಗೈಯಲ್ಲಿ ಸೀಟಿನ ಹಿಂದಿನ ಹಿಡಿ. ಬಲಗಾಲಿನಲ್ಲಿ ಸ್ಟ್ಯಾಂಡನ್ನು ಕೆಳಗೆ ತುಳಿದು ಅದರ ಎರಡೂ ಕಾಲು ನೆಲ ಮುಟ್ಟಿಸಿ. ಆಮೇಲೆ ಮೈಭಾರ ಪೂರಾ ಆ ಕಾಲಿನ ಮೇಲೆ ಬಿಡಿ. ಗಾಡಿ ತಾನೇ ಹಿಂದೆ ಏರಿ ಕೂರುತ್ತದೆ. ಬಿಸಿಯೂಟದ ಅಕ್ಕ ಎರಡು ಸಲ ಸೊಂಟ ಹಿಡಿದು ಗಾಡಿ ಎತ್ತಲು ನೋಡಿದರು. “ಎತ್ತಬ್ಯಾಡ ಅಕ್ಕಾ, ತುಳಿ” ಅಂದೆ. ಮೂರನೇ ಸಲಕ್ಕೆ ಕೂತಿತು.

ಎರಡನೇ ದಿನ ಸ್ಟಾರ್ಟ್ ಮಾಡುವುದು. ಸೀಟಿನ ಮೇಲೆ ಕೂತು, ಎರಡೂ ಕಾಲು ನೆಲದ ಮೇಲೆ ಊರಿ, ಎಡಗಡೆ ಬ್ರೇಕ್ ಹಿಡಿದು ಬಟನ್ ಒತ್ತಿ. ಬ್ರೇಕ್ ಹಿಡಿಯದಿದ್ದರೆ ಹೆಚ್ಚಿನ ಗಾಡಿಗಳು ಸೆಲ್ಫ್ ಸ್ಟಾರ್ಟ್ ಆಗುವುದೇ ಇಲ್ಲ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗಿದ್ದರೂ ಸ್ಟಾರ್ಟ್ ಆಗುವುದಿಲ್ಲ. ಹಳೆಯದಾದರೆ ಸೈಡ್ ಸ್ಟ್ಯಾಂಡ್ ನೀವೇ ನೋಡಿಕೊಳ್ಳಬೇಕು. ಅದು ಇಳಿದೇ ಇದ್ದರೆ ಎಡಕ್ಕೆ ತಿರುಗುವಾಗ ನೆಲಕ್ಕೆ ತಾಗಿ ಬೀಳಿಸುತ್ತದೆ.

ಈಗ ಬಲಗೈ. ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ. ರೊಟ್ಟಿ ಬಡಿಯುವ ಮೊದಲು ಹಿಟ್ಟಿನ ಉಂಡೆಯನ್ನು ಹೇಗೆ ಹಿಡಿಯುತ್ತೀರೋ ಅಷ್ಟೇ ಬಿಗಿ ಸಾಕು. ಮಣಿಕಟ್ಟು ಸ್ವಲ್ಪ ಕೆಳಗಿರಲಿ. ಮಣಿಕಟ್ಟು ಮೇಲೆತ್ತಿ ಹಿಡಿದರೆ, ತೆಗ್ಗಿನಲ್ಲಿ ಗಾಡಿ ಕುಲುಕಿದಾಗ ಕೈ ಕೆಳಗೆ ಜಾರಿ ತಾನೇ ರೇಸ್ ಆಗುತ್ತದೆ. ಕೂದಲೆಳೆಯಷ್ಟು ತಿರುಗಿಸಿ, ಗಾಡಿ ಅಲುಗಿದ ಕೂಡಲೇ ಬಿಡಿ, ಬ್ರೇಕ್ ಹಿಡಿಯಿರಿ. ಮತ್ತೆ ಅದೇ. ಒಂದು ಗಂಟೆ ಪೂರ್ತಿ ಇದೇ ಮಾಡಿಸುತ್ತೇನೆ. ಬೇಜಾರಾಗುತ್ತದೆ, ನಿಜ. ಆದರೆ “ಮೊದಲು ರೇಸ್ ಬಿಡು, ಆಮೇಲೆ ಬ್ರೇಕ್, ಕೊನೆಗೆ ಕಾಲು” ಅನ್ನುವ ಕ್ರಮ ಯೋಚನೆ ಇಲ್ಲದೆ ಬರುವವರೆಗೆ ಮುಂದೆ ಹೋಗಬೇಡಿ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಕಾಲು ಇಳಿಬಿಟ್ಟು ಎಳೆದುಕೊಂಡು ಹೋಗುವುದು ಹೊಸಬರ ಅಭ್ಯಾಸ. ಅದರಿಂದ ಗಾಡಿ ನಿಲ್ಲುವುದಿಲ್ಲ, ಪಾದ ಮಾತ್ರ ತಿರುಚಿಕೊಳ್ಳುತ್ತದೆ.

ಅಕ್ಕ ಕೇಳಿದರು, “ಟೀಚರ್ರೀ, ಗಾಬರಿ ಆದ್ರ ಏನ್ ಮಾಡ್ಲಿ?” ನಾನು ಹೇಳಿದ್ದು ಇಷ್ಟು: ಗಾಬರಿ ಆದರೆ ಬಲಗೈ ಬೆರಳು ಬಿಚ್ಚು, ಎಡಗೈ ಬ್ರೇಕು ಹಿಡಿ. ಬಿಟ್ಟರೆ ರೇಸ್ ತಾನೇ ವಾಪಸ್ ಹೋಗುತ್ತದೆ. ಅವರು ಅಡುಗೆ ಕೋಣೆಯಲ್ಲೂ ಅದನ್ನು ಅಭ್ಯಾಸ ಮಾಡುತ್ತಿದ್ದರು. ಸೌಟು ಕೆಳಗಿಟ್ಟು ಬಲಗೈ ಬಿಚ್ಚುವುದು, ಎಡಗೈ ಮುಚ್ಚುವುದು. ಒಂದು ವಾರದಲ್ಲಿ ಅದು ಕೈಗೆ ಹತ್ತಿತು.

ಮೈದಾನದಲ್ಲಿ ಸುತ್ತು ಹೊಡೆಯುವಾಗ ಮುಂದಿನ ಚಕ್ರ ನೋಡಬೇಡಿ. ಹತ್ತು ಹದಿನೈದು ಹೆಜ್ಜೆ ದೂರ ನೋಡಿ. ಕಣ್ಣು ಎಲ್ಲಿಗೆ ಹೋಗುತ್ತದೋ ಗಾಡಿ ಅಲ್ಲಿಗೇ ಹೋಗುತ್ತದೆ. ತೆಗ್ಗನ್ನೇ ನೋಡುತ್ತಾ ಹೋದರೆ ತೆಗ್ಗಿಗೇ ಇಳಿಯುತ್ತೀರಿ. ಪಕ್ಕದ ಜಾಗ ನೋಡಿ. ಸ್ಕೂಟಿಯ ಚಕ್ರ ಬೈಕಿನದಕ್ಕಿಂತ ಚಿಕ್ಕದು, ಹತ್ತೋ ಹನ್ನೆರಡೋ ಇಂಚು. ಬೈಕು ದಾಟಿ ಹೋಗುವ ತೆಗ್ಗಿನಲ್ಲಿ ಇದು ಕೂತುಬಿಡುತ್ತದೆ.

ಬ್ರೇಕ್ ಬಗ್ಗೆ ಇನ್ನೊಂದು ಮಾತು. “ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತದ” ಅಂತ ಎಲ್ಲರೂ ಹೆದರಿಸುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಆದ್ದರಿಂದ ನಿಲ್ಲಿಸುವ ಶಕ್ತಿ ಅಲ್ಲೇ ಜಾಸ್ತಿ. ಎರಡೂ ಬ್ರೇಕು ಒಟ್ಟಿಗೆ, ನಿಧಾನಕ್ಕೆ ಬಿಗಿ ಹೆಚ್ಚಿಸುತ್ತಾ ಹಿಡಿಯಬೇಕು. ಕೆಡವುವುದು ಮುಂದಿನ ಬ್ರೇಕನ್ನು ಒಮ್ಮೆಗೇ ಹಿಸುಕುವುದು, ತಿರುವಿನಲ್ಲಿ ವಾಲಿದಾಗ ಹಿಡಿಯುವುದು, ಮರಳಿನ ಮೇಲೆ ಹಿಡಿಯುವುದು. 2019ರ ಏಪ್ರಿಲ್‌ನಿಂದ ಮಾರುವ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಬ್ರೇಕ್ ವ್ಯವಸ್ಥೆಯನ್ನಾಗಲಿ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡುವ ಎಬಿಎಸ್ ಅನ್ನಾಗಲಿ ಕಡ್ಡಾಯ ಮಾಡಿದ್ದಾರೆ. ಅದಿದ್ದರೂ ಬಲಗೈ ಬ್ರೇಕ್ ಬಳಸುವುದನ್ನು ಬಿಡಬೇಡಿ. ಗಂಟೆಗೆ 40 ಕಿಲೋಮೀಟರ್ ಹೋಗುವಾಗ ಒಂದು ಸೆಕೆಂಡಿಗೆ 11 ಮೀಟರ್ ದಾಟಿರುತ್ತೀರಿ. ಎಮ್ಮೆ ಅಡ್ಡ ಬಂತು ಅಂತ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ಇನ್ನು ನಮ್ಮ ರಸ್ತೆಗಳು. ನವೆಂಬರ್, ಡಿಸೆಂಬರ್ ಬಂತೆಂದರೆ ಅರ್ಧ ರಸ್ತೆ ನೆಲ್ಲಿನ, ಅಂದರೆ ಭತ್ತದ ಕಣ. ರೈತರನ್ನು ನಾನು ಬೈಯುವುದಿಲ್ಲ. ಹಸಿ ನೆಲ್ಲಿಗೆ ರೇಟು ಸಿಗುವುದಿಲ್ಲ, ಕಾದ ಡಾಂಬರಿನ ಮೇಲೆ ಬೇಗ ಒಣಗುತ್ತದೆ, ಅವರಿಗೆ ಬೇರೆ ಜಾಗ ಎಲ್ಲಿದೆ? ಆದರೆ ಅದರ ಮೇಲೆ ಗಾಡಿ ಹೇಗೆ ಹೋಗುತ್ತದೆ ಅನ್ನುವುದು ತಿಳಿದಿರಬೇಕು. ಅಕ್ಕನಿಗೆ ತೋರಿಸಲು ಶಾಲೆಯ ಕಟ್ಟೆಯ ಮೇಲೆ ಒಂದು ಹಿಡಿ ನೆಲ್ಲು ಚೆಲ್ಲಿ, ಅದರ ಮೇಲೆ ಚಪ್ಪಲಿ ಕಾಲಿಟ್ಟು ಮೆಲ್ಲಗೆ ಒತ್ತಿ ಅಂದೆ. ಕಾಲು ಸರ್ರನೆ ಜಾರಿತು, ನನ್ನ ಭುಜ ಹಿಡಿದುಕೊಂಡರು. ಟೈರಿಗೆ ಆಗುವುದೂ ಅದೇ. ನೆಲ್ಲಿನ ಕಾಳು ಉರುಳುತ್ತದೆ, ಟೈರು ನೆಲ ಮುಟ್ಟುವುದೇ ಇಲ್ಲ. ಆದ್ದರಿಂದ ನೆಲ್ಲು ಶುರುವಾಗುವ ಮುಂಚೆಯೇ ವೇಗ ಇಳಿಸಿ. ಚೆಲ್ಲಿದ ಕಾಳಿನ ಮೇಲೆ ಹೋಗಲೇಬೇಕಾದರೆ ನೆಟ್ಟಗೆ, ಒಂದೇ ವೇಗದಲ್ಲಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ದಾಟಿ.

ನೆಲ್ಲಿಗಿಂತ ಅಪಾಯ ಅದರ ಅಂಚಿನ ಕಲ್ಲುಗಳು. ಗಾಡಿ ಹತ್ತದಿರಲಿ ಅಂತ ಸಾಲಾಗಿ ಇಟ್ಟಿರುತ್ತಾರೆ. ಸಂಜೆ ನೆಲ್ಲು ಚೀಲಕ್ಕೆ ಹೋಗುತ್ತದೆ, ಕೆಲವು ಕಡೆ ಕಲ್ಲು ಅಲ್ಲೇ ಉಳಿಯುತ್ತವೆ. ಕೆಲವು ರಾಶಿಗೆ ಕಪ್ಪು ತಾಡಪತ್ರಿ ಮುಚ್ಚಿರುತ್ತಾರೆ, ಕತ್ತಲಲ್ಲಿ ಅದು ರಸ್ತೆಯ ಬಣ್ಣವೇ. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳೂ ಇದೇ ಹೊತ್ತಿಗೆ ಬರುತ್ತವೆ. ಸುಗ್ಗಿ ಕಾಲದಲ್ಲಿ ಆರು ಗಂಟೆ ಒಳಗೆ ಮನೆ ಸೇರುವ ಹಾಗೆ ನೋಡಿಕೊಳ್ಳಿ. ಆಗದಿದ್ದರೆ, ನಿಮ್ಮ ಲೈಟಿಗೆ ಎಷ್ಟು ದೂರ ಕಾಣುತ್ತದೋ ಅಷ್ಟರಲ್ಲೇ ನಿಲ್ಲಿಸಲು ಬರುವ ವೇಗ ಇರಲಿ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದರೆ ನೋಟವನ್ನು ರಸ್ತೆಯ ಎಡ ಅಂಚಿಗೆ ಹಾಯಿಸಿ, ನಿಧಾನ ಮಾಡಿ.

ನಾಟಿ ಕಾಲಕ್ಕೆ ಇನ್ನೊಂದು ಕಾಟ. ಗದ್ದೆಯಿಂದ ಬಂದ ಟ್ರ್ಯಾಕ್ಟರು ರಸ್ತೆಯ ಮೇಲೆ ಎರೆಮಣ್ಣು ಉದುರಿಸಿ ಹೋಗುತ್ತದೆ. ಒಣಗಿದ್ದಾಗ ಹೆಂಟೆ. ನಾಲ್ಕು ಹನಿ ಮಳೆ ಬಿದ್ದರೆ ಸೋಪು. ಜೋರು ಮಳೆಗಿಂತ ಆ ಮೊದಲ ಹತ್ತು ನಿಮಿಷದ ತುಂತುರು ಜಾಸ್ತಿ ಅಪಾಯ. ನಾನಂತೂ ಎಲ್ಲಾದರೂ ಸೂರು ಕಂಡರೆ ನಿಂತುಬಿಡುತ್ತೇನೆ. ಕಾಲುವೆ ದಂಡೆಯ ದಾರಿಯಲ್ಲಿ ತಡೆಗೋಡೆ ಇರುವುದಿಲ್ಲ. ಅಲ್ಲಿ ಎದುರಿನಿಂದ ದೊಡ್ಡ ಗಾಡಿ ಬಂದರೆ ಸಂದಿಯಲ್ಲಿ ನುಗ್ಗಬೇಡಿ. ನೀರಿನ ಕಡೆ ಅಲ್ಲದ ಬದಿಗೆ ಪೂರ್ತಿ ನಿಲ್ಲಿಸಿ, ಅದು ದಾಟಲಿ.

ಸೀರೆ ಉಡುವವರು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಪಿನ್ನು ಹಾಕಿ. ವೇಲ್ ಹಾಕುವವರು ಎರಡೂ ತುದಿ ಹಿಂದೆ ಗಂಟು ಹಾಕಿ ಅದರ ಮೇಲೆ ಕೋಟು ತೊಡಿ. ಹಿಂದೆ ಕೂರುವವರ ಸೆರಗನ್ನೂ ನೀವೇ ನೋಡಬೇಕು. ಹಿಂದಿನ ಚಕ್ರಕ್ಕೆ ಸಿಕ್ಕಿದ ಬಟ್ಟೆ ಕುತ್ತಿಗೆಯನ್ನೇ ಎಳೆಯುತ್ತದೆ. ಹೆಲ್ಮೆಟ್ಟಿಗೆ ಐಎಸ್ಐ ಗುರುತು ಇರಲಿ. ಗದ್ದದ ಪಟ್ಟಿಯನ್ನು ಎರಡು ಬೆರಳಷ್ಟೇ ಹೋಗುವ ಹಾಗೆ ಬಿಗಿಯಿರಿ. ಏಪ್ರಿಲ್, ಮೇ ಬಿಸಿಲಲ್ಲಿ ತಲೆ ಬೇಯುತ್ತದೆ ಅನ್ನುವವರು ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಂಡರೆ ಹಿತ.

ಮಕ್ಕಳನ್ನು ಮುಂದೆ ಕಾಲಿಡುವ ಜಾಗದಲ್ಲಿ ನಿಲ್ಲಿಸುವುದನ್ನು ದಯವಿಟ್ಟು ಬಿಡಿ. ಮಗು ಆಸರೆಗೆ ಏನು ಹಿಡಿಯುತ್ತದೆ? ಹ್ಯಾಂಡಲ್ಲು. ಆ ಪುಟ್ಟ ಕೈ ನಿಮ್ಮ ಬಲಗೈ ಪಕ್ಕದಲ್ಲೇ ಇರುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟು, ಹೆಲ್ಮೆಟ್ಟು, 40ರ ಒಳಗಿನ ವೇಗ ಅಂತ 2022ರಲ್ಲೇ ನಿಯಮ ಮಾಡಿದ್ದಾರೆ. ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಒಳಗೆ ಹೋಗುವುದೂ ಬೇಡ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಹದಿನೆಂಟು ತುಂಬಿರಬೇಕು. ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸ್, ಆರು ತಿಂಗಳು ನಡೆಯುತ್ತದೆ, ತೆಗೆಸಿದ 30 ದಿನದ ಮೇಲೆ ಟೆಸ್ಟಿಗೆ ಹೋಗಬಹುದು. ಅಲ್ಲಿಯವರೆಗೆ ಹಿಂದೆಮುಂದೆ ಕೆಂಪು ‘ಎಲ್’ ಗುರುತು ಹಾಕಿಕೊಳ್ಳಿ, ಲೈಸೆನ್ಸ್ ಇರುವ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬೇಡಿ. ಗೇರಿಲ್ಲದ ಗಾಡಿಯ ಲೈಸೆನ್ಸಿನಲ್ಲಿ ಬೈಕ್ ಓಡಿಸುವ ಹಾಗಿಲ್ಲ. ಆರ್‌ಸಿ, ಇನ್ಶೂರೆನ್ಸು, ಹೊಗೆ ತಪಾಸಣೆಯ ಚೀಟಿ ಜೊತೆಗಿರಲಿ.

ಬೆಳಿಗ್ಗೆ ಹೊರಡುವ ಮುಂಚೆ ಗಾಡಿಗೆ ಒಂದು ನಿಮಿಷ ಕೊಡಿ. ಟೈರು ಒತ್ತಿ ನೋಡಿ, ಎರಡೂ ಬ್ರೇಕು ಹಿಡಿದು ಹಿಂದಿನ ಕೆಂಪು ದೀಪ ಗೋಡೆಯ ಮೇಲೆ ಬೀಳುತ್ತದಾ ನೋಡಿ. ಗಾಡಿ ನಿಲ್ಲಿಸಿದ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿದೆಯಾ ಬಗ್ಗಿ ನೋಡಿ. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿದ್ದಾಗ ಹಾಕಿಸಿ. ನನ್ನ 110 ಸಿಸಿ ಗಾಡಿಗೆ ಗಾಳಿ ಮೀಟರಿನ ಪಿಎಸ್ಐ ಲೆಕ್ಕದಲ್ಲಿ ಮುಂದೆ 22, ಹಿಂದೆ 29, ಡಬಲ್ ಹೋಗುವಾಗ ಹಿಂದೆ 36. ನಿಮ್ಮ ಗಾಡಿಯದು ಅದರ ಬುಕ್ಕಿನಲ್ಲಿ ಇರುತ್ತದೆ. ಗಾಳಿ ಹಾಕುವ ಹುಡುಗ ಎಲ್ಲಕ್ಕೂ ಒಂದೇ ಲೆಕ್ಕ ಹಿಡಿದಿದ್ದರೆ ಆ ನಂಬರು ನೀವೇ ಹೇಳಿ. ಬ್ರೇಕ್ ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬಂದರೆ ಅವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ. ಭಾನುವಾರ ನೋಡಿಸೋಣ ಅನ್ನಬೇಡಿ.

ಬಿಸಿಯೂಟದ ಅಕ್ಕ ಈಗ ವಾರಕ್ಕೆ ಎರಡು ಸಲ ಗಂಗಾವತಿ ಮಾರ್ಕೆಟ್ಟಿಗೆ ತರಕಾರಿಗೆ ಹೋಗಿಬರುತ್ತಾರೆ. ಟೊಮೆಟೊ ಡಿಕ್ಕಿಯಲ್ಲಿ, ಸೊಪ್ಪಿನ ಚೀಲ ಕೊಕ್ಕೆಗೆ. ಹ್ಯಾಂಡಲ್ಲಿಗೆ ಏನೂ ನೇತು ಹಾಕುವುದಿಲ್ಲ. ಶಾಲೆಯ ಗೇಟಿನ ಹತ್ತಿರ ಗಾಡಿ ಬಂದ್ ಮಾಡಿ, ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಲ್ಲಿಂದ ಅಡುಗೆ ಕೋಣೆಯ ತನಕ ಎಡಗಡೆ ನಿಂತು ತಳ್ಳಿಕೊಂಡೇ ಬರುತ್ತಾರೆ.