ಎರಕದ ಪೈಲ್: ಕೆಡುವುದು ಕೊರೆಯುವಾಗಲ್ಲ, ತುಂಬುವಾಗ

ಎರಕದ ಪೈಲ್ ಎಂದರೆ ನೆಲ ಕೊರೆದು, ಕಬ್ಬಿಣವಿಟ್ಟು, ಕಾಂಕ್ರೀಟ್ ತುಂಬಿ ಮಾಡುವ ಅಡಿಪಾಯದ ಕಂಬ. ಮಣ್ಣು ಪರೀಕ್ಷೆಯ ವರದಿ ಕೈಗೆ ಬರುವ ಮೊದಲು ಪೈಲ್‌ನ ವ್ಯಾಸ, ಆಳ ಗೊತ್ತುಮಾಡಬೇಡಿ. ಪಕ್ಕದ ಮಣ್ಣಿನ ಘರ್ಷಣೆ ಮತ್ತು ತಳದ ಆಸರೆ ಎರಡನ್ನೂ ಕೂಡಿಸಿ 2.5ರಿಂದ ಭಾಗಿಸಿದರೆ ಹೊರಿಸಬಹುದಾದ ಭಾರ ಸಿಗುತ್ತದೆ. ಘರ್ಷಣೆಯನ್ನೇ ನಂಬಿದ ಪೈಲ್‌ಗಳ ನಡುವೆ ವ್ಯಾಸದ ಮೂರು ಪಟ್ಟು ಅಂತರವಿರಲಿ.

ಗುಂಡಿಯ ಬಾಯಿಗೆ ಕೇಸಿಂಗ್ (ಉಕ್ಕಿನ ಕೊಳವೆ) ಇಟ್ಟು, ಗೋಡೆ ಕುಸಿಯದಂತೆ ಬೆಂಟೊನೈಟ್ (ಜೇಡಿಮಣ್ಣಿನ ದ್ರಾವಣ) ತುಂಬಿಸುತ್ತಾ ಕೊರೆಯಿರಿ. ಕಬ್ಬಿಣ ಗುಂಡಿಯ ಗೋಡೆಗೆ ತಾಗದಂತೆ 75 ಮಿ.ಮೀ. ಕವರ್ ಬ್ಲಾಕ್ ಕಟ್ಟಿದ ಕಬ್ಬಿಣದ ಕೇಜ್ ಇಳಿಸಿ. ಇಲ್ಲಿಯವರೆಗಿನದು ಸುಲಭ.

ಈಗ ಆಳವನ್ನು ಮತ್ತೆ ಅಳೆಯಿರಿ. ಕೊರೆದಾಗ 15 ಮೀಟರ್ ಇದ್ದದ್ದು 14.7 ತೋರಿಸಿದರೆ ತಳದಲ್ಲಿ 30 ಸೆಂ.ಮೀ. ಕೆಸರು ಕೂತಿದೆ. ಅದರ ಮೇಲೆ ಸುರಿದ ಪೈಲ್ ಭಾರ ಬಿದ್ದೊಡನೆ ಕುಸಿಯುತ್ತದೆ. ಟ್ರೆಮಿ ಪೈಪ್ (ತಳದವರೆಗೆ ಕಾಂಕ್ರೀಟ್ ಇಳಿಸುವ ಕೊಳವೆ) ಇಳಿಸಿ, ಅದರ ಮೂಲಕವೇ ಹೊಸ ಬೆಂಟೊನೈಟ್ ಹರಿಸಿ ಕೆಸರು ತೊಳೆದು ತೆಗೆಯಿರಿ. ಕಾಂಕ್ರೀಟ್ ಲಾರಿ ತಡವಾಯಿತೇ? ಇನ್ನೊಮ್ಮೆ ತೊಳೆಯಿರಿ.

ಕಾಂಕ್ರೀಟ್‌ನ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆಂಬ ಅಳತೆ) 150ರಿಂದ 180 ಮಿ.ಮೀ. ಇರಬೇಕು, ಜಲ್ಲಿ 20 ಮಿ.ಮೀ. ದಾಟಬಾರದು, ಪೈಪ್ 200 ಮಿ.ಮೀ.ಗಿಂತ ಕಿರಿದಾಗಬಾರದು. ಗಟ್ಟಿಯಾಯಿತೆಂದು ಲಾರಿಗೆ ನೀರು ಸುರಿಯುವ ಮೇಸ್ತ್ರಿಯನ್ನು ತಡೆಯಿರಿ. ಜೋಡಣೆಗಳಲ್ಲಿ ರಬ್ಬರ್ ವಾಷರ್ ಸವೆದ ಪೈಪ್ ಬೇಡವೇ ಬೇಡ. ಒಳಗೆ ನೀರು ಸೋರಿ ಸಿಮೆಂಟ್ ತೊಳೆದುಹೋಗುತ್ತದೆ.

ಪೈಪ್‌ನ ತುದಿ ತಳದಿಂದ 20 ಸೆಂ.ಮೀ. ಮೇಲಿರಲಿ. ಮೊದಲ ಸುರಿತವೇ ಆ ತುದಿಯನ್ನು ಹೂಳಬೇಕು. 600 ಮಿ.ಮೀ. ವ್ಯಾಸ, 15 ಮೀಟರ್ ಆಳದ ಪೈಲ್‌ಗೆ ಇದಕ್ಕೆ ಸುಮಾರು 0.6 ಘನ ಮೀಟರ್ ಬೇಕು. ಪೈಪ್‌ನ ತಲೆಗೆ ಕೂರಿಸಿದ ಹಾಪರ್‌ನ (ದೊಡ್ಡ ಆಲಿಕೆಯ) ಕುತ್ತಿಗೆಗೆ ತಗಡು ಮುಚ್ಚಿ ಅಷ್ಟನ್ನೂ ತುಂಬಿಕೊಂಡು, ಒಮ್ಮೆಗೇ ಬಿಡಿ. ಸಣ್ಣ ಹಾಪರ್‌ನಲ್ಲಿ ಕಂತಿನ ಮೇಲೆ ಸುರಿದರೆ ತಳದಲ್ಲಿ ಉಳಿಯುವುದು ತೊಳೆದ ಜಲ್ಲಿ ಮಾತ್ರ.

ಆಮೇಲೆ ಪೈಪ್‌ನ ತುದಿ ಸದಾ 2 ಮೀಟರ್ ಕಾಂಕ್ರೀಟ್‌ನಲ್ಲಿ ಮುಳುಗಿರಬೇಕು. ಅಂದಾಜು ಬೇಡ, ತೂಕ ಕಟ್ಟಿದ ಟೇಪ್ ಇಳಿಸಿ ಅಳೆದೇ ಪೈಪ್‌ನ ಮೇಲಿನ ತುಂಡುಗಳನ್ನು ಬಿಚ್ಚಿ. ಈ ವ್ಯಾಸಕ್ಕೆ ಒಂದು ಘನ ಮೀಟರ್ ಹಾಕಿದರೆ ಮಟ್ಟ 3.5 ಮೀಟರ್ ಏರಬೇಕು. ಕಡಿಮೆ ಏರಿದರೆ ಗುಂಡಿ ಅಗಲವಾಗಿದೆ, ಚಿಂತೆಯಿಲ್ಲ. ಹೆಚ್ಚು ಏರಿದರೆ ಮಣ್ಣು ಕುಸಿದು ಪೈಲ್‌ನ ಸೊಂಟ ಸಣಕಲಾಗಿದೆ. ಪೈಪ್ ಹೊರಬಂದುಬಿಟ್ಟರೆ ಮತ್ತೆ ಚುಚ್ಚಿ ಮುಂದುವರಿಸಬೇಡಿ, ನಡುವೆ ಕೆಸರಿನ ಪದರ ಸೇರುತ್ತದೆ. ಕಾಂಕ್ರೀಟ್ ಹಸಿಯಿರುವಾಗಲೇ ಕೇಜ್ ಎತ್ತಿ, ಗುಂಡಿ ತೊಳೆದು ಮೊದಲಿನಿಂದ ತುಂಬಿ.

ಬೇಕಾದ ಮಟ್ಟಕ್ಕಿಂತ ಕನಿಷ್ಠ 60 ಸೆಂ.ಮೀ. ಮೇಲೆ ಸುರಿಯಿರಿ. ಮೇಲಿನ ಭಾಗ ಕೆಸರು ಬೆರೆತದ್ದು, ಗಟ್ಟಿಯಾದ ಮೇಲೆ ಒಡೆದು ತೆಗೆಯಬೇಕು. ಬ್ರೇಕರ್ ಯಂತ್ರ ಬಳಸಿದರೂ ಕೊನೆಯ ಒಂದು ಅಡಿಯನ್ನು ಉಳಿ ಸುತ್ತಿಗೆಯಲ್ಲೇ ಬಿಡಿಸಿ. ಯಂತ್ರದ ಹೊಡೆತಕ್ಕೆ ಕೆಳಗಿನ ಗಟ್ಟಿ ಪೈಲ್ ಕೂಡ ಬಿರಿಯುತ್ತದೆ.